‘ಅವತಾರ್’ ಸರಣಿಯ ಶ್ರೇಯ ಯಾರಿಗೆ? ಸೃಷ್ಟಿಕರ್ತರಿಗೋ, ಮುಖ್ಯ ಬರಹಗಾರರಿಗೋ?

ಪ್ರಶ್ನೆ ಕೇಳಿದವರು: ಸಂಜೆಓದು

ಸ್ನೇಹಿತರೇ, ಅಮೆರಿಕದ ಅನಿಮೇಷನ್ ಸರಣಿ ‘ಅವತಾರ್: ದಿ ಲಾಸ್ಟ್ ಏರ್‌ಬೆಂಡರ್’ ಕುರಿತು ಒಂದು ದೀರ್ಘ ಲೇಖನ ಬರೆಯುತ್ತಿದ್ದೇನೆ. ಅರ್ಧ ಬರೆದಾಗಿದೆ, ಆದರೆ ಒಂದು ವಾಕ್ಯದ ಹತ್ತಿರ ಲೇಖನಿ ನಿಂತುಬಿಟ್ಟಿದೆ. ‘ಈ ಸರಣಿಯ ಕರ್ತೃ’ ಎಂದು ಬರೆದು ಮುಂದೆ ಯಾರ ಹೆಸರು ಹಾಕಬೇಕು ಎಂಬುದೇ ತೋಚುತ್ತಿಲ್ಲ.

ಪರದೆಯ ಮೇಲೆ ಉತ್ತರ ಸುಲಭವಾಗಿಯೇ ಇದೆ. ಸೃಷ್ಟಿ: ಮೈಕೆಲ್ ಡಾಂಟೆ ಡಿಮಾರ್ಟಿನೊ, ಬ್ರಯಾನ್ ಕೊನಿಯೆಟ್ಸ್ಕೊ. 2005ರಿಂದ 2008ರವರೆಗೆ ಮಕ್ಕಳ ವಾಹಿನಿ ನಿಕಲೋಡಿಯನ್‌ನಲ್ಲಿ ಬಂದ ಮೂರು ಸೀಸನ್‌ಗಳ 61 ಸಂಚಿಕೆಗಳಲ್ಲೂ ಇದೇ ಎರಡು ಹೆಸರುಗಳು. ಆದರೆ ಈ ಸರಣಿಯ ಅಭಿಮಾನಿಗಳು ಸೇರಿದಲ್ಲೆಲ್ಲ ಮೂರನೆಯ ಹೆಸರೊಂದು ಬಂದೇ ಬರುತ್ತದೆ: ಮುಖ್ಯ ಬರಹಗಾರರಾಗಿದ್ದ ಆರನ್ ಎಹಾಸ್. ವಾದ ಹೀಗಿದೆ. ಲೋಕವನ್ನು ಕಟ್ಟಿದವರು ಆ ಇಬ್ಬರು, ನಿಜ. ಆ ಲೋಕದೊಳಗಿನ ಮನುಷ್ಯರಿಗೆ ಜೀವ ತುಂಬಿದವರು ಎಹಾಸ್. ಪುರಾವೆ ಬೇಕೆಂದರೆ ‘ದಿ ಲೆಜೆಂಡ್ ಆಫ್ ಕೊರಾ’ ನೋಡಿ ಎನ್ನುತ್ತಾರೆ. 2012ರಲ್ಲಿ ಆರಂಭವಾದ ಆ ಮುಂದುವರಿಕೆಯಲ್ಲಿ ಎಹಾಸ್ ಇರಲಿಲ್ಲ. ಚಿತ್ರ ಇನ್ನೂ ಸೊಗಸಾಯಿತು, ಹೊಡೆದಾಟ ಇನ್ನೂ ಚುರುಕಾಯಿತು, ಆದರೆ ಪಾತ್ರಗಳು ಹಿಂದಿನಂತೆ ಎದೆಗೆ ತಟ್ಟಲಿಲ್ಲ.

ನನಗೂ ಹಾಗೇ ಅನ್ನಿಸಿದೆ, ಸುಳ್ಳು ಹೇಳುವುದಿಲ್ಲ. ಝುಕೊ ಎಂಬ ಹುಡುಗ ಮೂರು ಸೀಸನ್ ಉದ್ದಕ್ಕೂ ಬದಲಾಗುವ ರೀತಿಯನ್ನು ಟಿವಿಯಲ್ಲಿ ಬೇರೆಲ್ಲೂ ಕಂಡಿಲ್ಲ. ಅದನ್ನು ಯಾರು ಮಾಡಿದರೋ ಅವರ ಹೆಸರು ನನ್ನ ಲೇಖನದಲ್ಲಿ ಇರಲೇಬೇಕು. ಯಾರದು ಆ ಹೆಸರು?

ಉತ್ತರ: ದೂರದರ್ಶಕ

ಈ ಎಹಾಸ್ ವಾದವನ್ನು ಕೇಳಿದಾಗಲೆಲ್ಲ ನನಗೆ ಬೇಸರವಾಗುತ್ತದೆ. ಸರಣಿಯ ಹುಟ್ಟನ್ನು ಸ್ವಲ್ಪ ನೋಡಿ. ಕೊನಿಯೆಟ್ಸ್ಕೊ ಅವರ ಹಳೆಯ ಚಿತ್ರವೊಂದರಲ್ಲಿ ಬೋಳುತಲೆಯ ನಡುವಯಸ್ಸಿನ ಮನುಷ್ಯನೊಬ್ಬನಿದ್ದ. ಅವನನ್ನೇ ಹುಡುಗನನ್ನಾಗಿ ಮಾಡಿ, ಆಕಾಶದಲ್ಲಿ ಕಾಡೆಮ್ಮೆಗಳನ್ನು ಮೇಯಿಸುವವನಂತೆ ಬಿಡಿಸಿದರು. ಅದೇ ಹೊತ್ತಿಗೆ ಡಿಮಾರ್ಟಿನೊ ದಕ್ಷಿಣ ಧ್ರುವದ ಹಿಮದಲ್ಲಿ ಸಿಕ್ಕಿಬಿದ್ದ ಅನ್ವೇಷಕರ ಸಾಕ್ಷ್ಯಚಿತ್ರ ನೋಡುತ್ತಿದ್ದರು. ಗಾಳಿಯ ಹುಡುಗ, ಹಿಮದಲ್ಲಿ ಬದುಕುವ ನೀರಿನ ಜನ, ಅವರ ಮೇಲೆ ಎರಗುವ ಬೆಂಕಿಯ ಜನ: ಇಡೀ ಸರಣಿಯ ಬೀಜ ಅಲ್ಲಿತ್ತು. ಆಗ ಯಾವ ಬರಹಗಾರರ ತಂಡವೂ ಇರಲಿಲ್ಲ.

ಕೊನಿಯೆಟ್ಸ್ಕೊ ಈ ಸರಣಿಯ ಕಲಾ ನಿರ್ದೇಶಕರೂ ಹೌದು. ಇಬ್ಬರೂ ಮೊದಲ ದಿನದಿಂದ ಕೊನೆಯ ದಿನದವರೆಗೆ ಅಲ್ಲೇ ಇದ್ದರು. ‘ಕೊರಾ’ದ ಮೊದಲ ಸೀಸನ್ನಿನ 12 ಸಂಚಿಕೆಗಳನ್ನೂ ತಾವೇ ಕೂತು ಬರೆದರು. ಇಷ್ಟು ಮಾಡಿದವರನ್ನು ‘ಲೋಕ ಕಟ್ಟಿದರು ಅಷ್ಟೇ’ ಎಂದು ಬದಿಗೆ ಸರಿಸುವುದು ನ್ಯಾಯವಲ್ಲ. ಎಹಾಸ್ ಕೂಡ ಆಮೇಲೆ ಜಸ್ಟಿನ್ ರಿಚ್ಮಂಡ್ ಜೊತೆಗೂಡಿ ‘ದಿ ಡ್ರ್ಯಾಗನ್ ಪ್ರಿನ್ಸ್’ ಮಾಡಿದರು, 2018ರಲ್ಲಿ. ಒಳ್ಳೆಯ ಸರಣಿಯೇ. ಆದರೆ ಅದು ‘ಅವತಾರ್’ ಆಯಿತೇ? ಆಗಲಿಲ್ಲ. ನಿಮ್ಮ ‘ಕೊರಾ’ ತರ್ಕವನ್ನು ಈ ಕಡೆಗೂ ಹಚ್ಚಿ ನೋಡಿ, ಏನು ಉಳಿಯುತ್ತದೆ?

ಉತ್ತರ: ಗೆರೆಮನೆ

ನಾನು ಸ್ಟೋರಿಬೋರ್ಡ್ ಕಲಾವಿದೆ, ಅಂದರೆ ಸ್ಕ್ರಿಪ್ಟನ್ನು ಮೊದಲು ಚಿತ್ರಗಳ ಸಾಲಾಗಿ ಬಿಡಿಸುವವಳು, ಟಿವಿ ಸರಣಿಗಳಿಗೇ ಕೆಲಸ ಮಾಡುವವಳು. ‘ಅವತಾರ್’ ತಂಡಕ್ಕೂ ನನಗೂ ಸಂಬಂಧವಿಲ್ಲ. ಆದರೆ ಇಂಥ ಚರ್ಚೆ ನಡೆದಾಗಲೆಲ್ಲ ನನ್ನಂಥವರು ಕೂರುವ ಮೇಜು ಯಾರ ಕಣ್ಣಿಗೂ ಬೀಳುವುದಿಲ್ಲ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ, ಸಹಿಸಿಕೊಳ್ಳಿ.

ನೀವಿಬ್ಬರೂ ವಾದ ಮಾಡುತ್ತಿರುವುದು ಬರಹಗಾರರ ಕೋಣೆಯ ಬಾಗಿಲಲ್ಲಿ ನಿಂತು. ಒಬ್ಬರಿಗೆ ಆ ಕೋಣೆಗಿಂತ ಮುಂಚೆ ಬಂದವರು ದೊಡ್ಡವರು, ಇನ್ನೊಬ್ಬರಿಗೆ ಆ ಕೋಣೆಯ ಹಿರಿಯರು ದೊಡ್ಡವರು. ಸ್ಕ್ರಿಪ್ಟ್ ಆ ಕೋಣೆಯಿಂದ ಹೊರಬಂದ ಮೇಲೆ ಅನಿಮೇಷನ್ ಸರಣಿಯ ಅರ್ಧ ನಿರ್ಧಾರಗಳು ಇನ್ನೂ ಬಾಕಿ ಇರುತ್ತವೆ. ನಟರನ್ನು ನಿಲ್ಲಿಸಿ ಕ್ಯಾಮೆರಾ ಇಡುವ ಧಾರಾವಾಹಿಯಲ್ಲಾದರೆ ಬೆಳಕು, ಜಾಗ, ಮುಖ ಎಲ್ಲವೂ ಎದುರಿಗೇ ಇರುತ್ತವೆ. ಇಲ್ಲಿ ಬಿಳಿ ಹಾಳೆಯ ಹೊರತು ಏನೂ ಇಲ್ಲ. ಯಾರಾದರೂ ಬಿಡಿಸುವವರೆಗೆ ಬಾಗಿಲಿಗೆ ಚಿಲಕವೂ ಇರುವುದಿಲ್ಲ.

ನನ್ನದೇ ಕೆಲಸದಿಂದ ಒಂದು ದೃಶ್ಯ ಹೇಳುತ್ತೇನೆ. ಸ್ಕ್ರಿಪ್ಟಿನಲ್ಲಿ ಇದ್ದದ್ದು ಎರಡು ವಾಕ್ಯ: ‘ಅವಳು ಬಾಗಿಲ ಬಳಿ ತಡವರಿಸುತ್ತಾಳೆ. ಆಮೇಲೆ ಒಳಗೆ ಬರುತ್ತಾಳೆ.’ ಮನೆ ಬಿಟ್ಟು ಹೋಗಿದ್ದ ಮಗಳು, ಒಳಗೆ ತಂದೆ. ಕ್ಯಾಮೆರಾ ಎಲ್ಲಿರಬೇಕು? ಹೊರಗಿದ್ದರೆ ನಾವು ಮಗಳ ಜೊತೆ ನಿಂತಿರುತ್ತೇವೆ, ತಂದೆ ಏನು ಮಾಡುತ್ತಾನೋ ಎಂಬ ಅಂಜಿಕೆ ನಮ್ಮದೂ ಆಗುತ್ತದೆ. ಒಳಗಿದ್ದರೆ ನಾವು ತಂದೆಯ ಜೊತೆ ಕೂತಿರುತ್ತೇವೆ, ಅವಳು ಬಂದಿದ್ದಾಳೆ ಎಂಬುದು ಅವಳಿಗಿಂತ ಮೊದಲು ನಮಗೆ ಗೊತ್ತಾಗುತ್ತದೆ. ಎರಡೂ ‘ತಡವರಿಕೆ’ಯೇ, ಆದರೆ ದೃಶ್ಯ ಯಾರ ಪಾಲಿಗೆ ಸೇರುತ್ತದೆ ಎಂಬುದೇ ಬೇರೆ. ನಾನು ಒಳಗಿನಿಂದ ಬಿಡಿಸಿದೆ. ಬಾಗಿಲ ಕೆಳಗಿನ ಸಂದಿಯಲ್ಲಿ ಬೆಳಕಿನ ಗೆರೆ, ಅದರಲ್ಲಿ ಎರಡು ಪಾದಗಳ ನೆರಳು. ಒಂದು ನೆರಳು ಹಿಂದೆ ಸರಿಯುತ್ತದೆ, ನಿಲ್ಲುತ್ತದೆ, ಮತ್ತೆ ಮುಂದೆ ಬರುತ್ತದೆ. ಅದರ ನಂತರ ಮಗಳ ಮುಖದ ಹತ್ತಿರದ ಚಿತ್ರವೊಂದನ್ನೂ ಇಟ್ಟಿದ್ದೆ. ನಿರ್ದೇಶಕರು ಆ ಮುಖವನ್ನು ತೆಗೆದುಹಾಕಿ ನೆರಳಿನ ಹೊತ್ತನ್ನು ಇನ್ನಷ್ಟು ಹಿಗ್ಗಿಸಿದರು. ಅವರು ಮಾಡಿದ್ದೇ ಸರಿ, ದೃಶ್ಯ ಅದರಿಂದ ಎರಡು ಪಟ್ಟು ಗಟ್ಟಿಯಾಯಿತು. ನೆರಳು ಹಿಂದೆ ಸರಿಯುವಾಗ ಎಷ್ಟು ಮೆಲ್ಲಗೆ ಸರಿಯಬೇಕು ಎಂಬುದನ್ನು ಬೇರೊಂದು ದೇಶದಲ್ಲಿ ಕೂತ ಅನಿಮೇಟರ್ ಲೆಕ್ಕ ಹಾಕಿದರು. ನಾನು ಅವರನ್ನು ನೋಡಿಯೇ ಇಲ್ಲ.

ಸಂಚಿಕೆ ಬಂದ ಮೇಲೆ ಆ ದೃಶ್ಯವನ್ನು ಹಲವರು ಮೆಚ್ಚಿ ಬರೆದರು. ‘ಎಂಥ ಬರವಣಿಗೆ’ ಎಂದರು. ಆ ಬರಹಗಾರರ ಮೇಲೆ ನನಗೆ ಕೋಪವಿಲ್ಲ. ಅವರು ಆ ತಡವರಿಕೆಯನ್ನು ಬರೆಯದಿದ್ದರೆ ಬಿಡಿಸಲು ನನಗೆ ಏನೂ ಇರುತ್ತಿರಲಿಲ್ಲ. ಆದರೆ ನೋಡುಗರು ಮೆಚ್ಚಿದ್ದು ಬಾಗಿಲ ಸಂದಿಯ ನೆರಳನ್ನು, ಮತ್ತು ನೆರಳು ಎಂಬ ಮಾತು ಆ ಸ್ಕ್ರಿಪ್ಟಿನಲ್ಲಿ ಇರಲಿಲ್ಲ.

ಈಗ ನಿಮ್ಮ ಸರಣಿಗೆ ಬರುತ್ತೇನೆ. ತೋಫ್ ಪಾತ್ರವನ್ನು ತೆಗೆದುಕೊಳ್ಳಿ. ಎರಡನೆಯ ಸೀಸನ್ನಿನಲ್ಲಿ ಬರುವ, ಕಣ್ಣು ಕಾಣದ, ಯಾರ ಮಾತನ್ನೂ ಕೇಳದ ಹುಡುಗಿ. ಮೊದಲ ಯೋಜನೆಯಲ್ಲಿ ಕಥಾನಾಯಕ ಆಂಗ್‌ಗೆ ಭೂವಿದ್ಯೆ, ಅಂದರೆ ಮಣ್ಣುಕಲ್ಲನ್ನು ಆಡಿಸುವ ವಿದ್ಯೆ, ಕಲಿಸಬೇಕಾಗಿದ್ದವನು ದಾಂಡಿಗನಂಥ ಒಬ್ಬ ಹುಡುಗ. ಅವನನ್ನು ಹುಡುಗಿಯನ್ನಾಗಿ ಮಾಡೋಣ ಎಂದು ಹೇಳಿದವರು ಎಹಾಸ್. ಸೃಷ್ಟಿಕರ್ತರಿಗೆ ಅದು ಮೊದಲಿಗೆ ಹಿಡಿಸಲಿಲ್ಲ, ಆಮೇಲೆ ಒಪ್ಪಿದರು. ಹಾಗಾದರೆ ತೋಫ್ ಎಹಾಸ್ ಅವರ ಪಾತ್ರವೇ? ಅವಳನ್ನು ನಮಗೆ ಪರಿಚಯಿಸುವ ‘ದಿ ಬ್ಲೈಂಡ್ ಬ್ಯಾಂಡಿಟ್’ ಸಂಚಿಕೆಯ ಬರಹ ಡಿಮಾರ್ಟಿನೊ ಅವರದು. ಅವಳ ಕದನದ ವರಸೆ ಇನ್ನೂ ಬೇರೆ ಕಡೆಯಿಂದ ಬಂದದ್ದು. ಸರಣಿಯ ಸಮರಕಲೆಯ ಸಲಹೆಗಾರ ಸಿಫು ಕಿಸು ಉಳಿದ ಭೂವಿದ್ಯೆಯವರಿಗೆಲ್ಲ ಹುಂಗ್ ಗಾರ್ ಪದ್ಧತಿಯನ್ನು ಇಟ್ಟರು. ಅದರಲ್ಲಿ ನಿಲುವು ಅಗಲ, ಕಾಲು ನೆಲಕ್ಕೆ ಬೇರೂರಿದಂತೆ. ತೋಫ್‌ಗೆ ಮಾತ್ರ ಸದರ್ನ್ ಪ್ರೇಯಿಂಗ್ ಮ್ಯಾಂಟಿಸ್ ಪದ್ಧತಿ ಬೇಕೆಂದಾದಾಗ ಅದನ್ನು ಬಲ್ಲ ಬೇರೊಬ್ಬ ಗುರುವನ್ನು ಕರೆತಂದರು. ಅವಳು ಹೊಡೆದಾಡುವುದನ್ನು ಒಮ್ಮೆ ಸದ್ದು ನಿಲ್ಲಿಸಿ ನೋಡಿ. ಪಾದವನ್ನು ಮೆಲ್ಲಗೆ ನೆಲದ ಮೇಲೆ ಜಾರಿಸುತ್ತಾಳೆ, ಕೈಗಳು ಮೈಗೆ ಹತ್ತಿರ, ಚಲನೆ ಚಿಕ್ಕದು, ಚುರುಕು. ಕಾಲಿನಿಂದ ಲೋಕವನ್ನು ‘ನೋಡುವ’ ಹುಡುಗಿ ಹೀಗಲ್ಲದೆ ಇನ್ನು ಹೇಗೆ ಚಲಿಸಬೇಕು? ಅದು ಪಾತ್ರಚಿತ್ರಣ. ಸಂಭಾಷಣೆಯ ಒಂದೇ ಒಂದು ಸಾಲಿಲ್ಲದೆ ಆದ ಪಾತ್ರಚಿತ್ರಣ. ಅದರ ಮೇಲೆ ಜೆಸ್ಸಿ ಫ್ಲವರ್ ಅವರ ದನಿ.

ಈ ಒಬ್ಬ ಹುಡುಗಿಯನ್ನು ಯಾರ ಹೆಸರಿಗೆ ಬರೆದುಕೊಡುತ್ತೀರಿ?

ನನಗೆ ಈ ಸರಣಿಯಲ್ಲಿ ಎಲ್ಲಕ್ಕಿಂತ ಪ್ರಿಯವಾದದ್ದು ‘ದಿ ಟೇಲ್ಸ್ ಆಫ್ ಬಾ ಸಿಂಗ್ ಸೇ’, 2006ರ ಸಂಚಿಕೆ. ಒಂದೇ ಸಂಚಿಕೆಯಲ್ಲಿ ಆರು ಪುಟ್ಟ ಕಥೆಗಳು, ಒಂದೊಂದಕ್ಕೂ ಬೇರೆ ಬರಹಗಾರರು. ನಿರ್ದೇಶನ ಈಥನ್ ಸ್ಪಾಲ್ಡಿಂಗ್. ಝುಕೊನ ದೊಡ್ಡಪ್ಪ ಐರೋನ ಕಥೆಯನ್ನು ಬರೆದವರು ಆಂಡ್ರ್ಯೂ ಹ್ಯೂಬ್ನರ್. ಆಂಗ್‌ನ ಜೊತೆಗಾರ ಸೊಕ್ಕಾನದನ್ನು ಬರೆದವರು ಲಾರೆನ್ ಮ್ಯಾಕ್‌ಮುಲ್ಲನ್, ಅವರು ಇದೇ ಸರಣಿಯ ನಿರ್ದೇಶಕಿಯರಲ್ಲೊಬ್ಬರು. ಮೋಮೋ ಎಂಬ ಪ್ರಾಣಿಯ ಕಥೆ ಜಸ್ಟಿನ್ ರಿಡ್ಜ್ ಮತ್ತು ಜಿಯಾನ್‌ಕಾರ್ಲೊ ವೋಲ್ಪೆ ಅವರದು. ಅವರೂ ಚಿತ್ರ ಬಿಡಿಸುವ ಕಡೆಯವರೇ. ಮಾತು ಬಾರದ ಪ್ರಾಣಿಯ ಕಥೆಯನ್ನು ಗೆರೆಯಲ್ಲಿ ಯೋಚಿಸುವವರ ಕೈಗೆ ಕೊಟ್ಟರು ನೋಡಿ, ಆ ತಿಳಿವಳಿಕೆಗೆ ನಾನು ಕೈಮುಗಿಯುತ್ತೇನೆ.

ಐರೋನ ಕಥೆ ಕೆಲವೇ ನಿಮಿಷದ್ದು. ಮುದುಕ ಒಂದು ಬುಟ್ಟಿ ಕೊಳ್ಳುತ್ತಾನೆ, ಅಳುವ ಮಗುವಿಗೆ ಹಾಡಿ ನಗಿಸುತ್ತಾನೆ, ದೋಚಲು ಬಂದವನಿಗೇ ಸರಿಯಾಗಿ ನಿಲ್ಲುವುದನ್ನು ಕಲಿಸಿ ಕಳಿಸುತ್ತಾನೆ. ಕೊನೆಗೆ ಗುಡ್ಡದ ಮೇಲೆ ಮರದ ಕೆಳಗೆ ಸತ್ತ ಮಗನ ಚಿತ್ರವಿಟ್ಟು, ಮಗುವಿಗೆ ಹಾಡಿದ ಹಾಡನ್ನೇ ಮತ್ತೆ ಹಾಡುತ್ತಾನೆ. ಈ ಸಲ ದನಿ ಒಡೆಯುತ್ತದೆ. ಆ ದನಿ ಮಾಕೊ ಅವರದು. ಸಂಚಿಕೆ ಪ್ರಸಾರವಾಗುವ ಮೊದಲೇ, ಅದೇ ವರ್ಷದ ಜುಲೈನಲ್ಲಿ ಅವರು ತೀರಿಕೊಂಡರು. ಕಥೆಯ ಕೊನೆಯಲ್ಲಿ ಅವರ ಹೆಸರಿಗೆ ಅರ್ಪಣೆ ಇದೆ. ಆ ಬುಟ್ಟಿ ಯಾವುದಕ್ಕೆ ಎಂಬುದು ಗುಡ್ಡದ ಮೇಲೆ ಮಾತ್ರ ಗೊತ್ತಾಗುತ್ತದೆ, ಅದು ಬರಹ. ಮಗನ ಚಿತ್ರವನ್ನು ಎಷ್ಟು ತಡವಾಗಿ ನಮಗೆ ತೋರಿಸುತ್ತಾರೆ ಎಂಬುದು ನಿರ್ದೇಶನ ಮತ್ತು ಬೋರ್ಡ್. ಒಡೆಯುವ ದನಿ ಮಾಕೊ. ಇವುಗಳಲ್ಲಿ ಒಂದನ್ನು ತೆಗೆದರೂ ಆ ನಿಮಿಷಗಳು ಉಳಿಯುವುದಿಲ್ಲ. ಇಡೀ ಸರಣಿಯಲ್ಲಿ ಜನ ಅತಿ ಹೆಚ್ಚು ಅತ್ತಿರುವ ಈ ದೃಶ್ಯದ ಲೇಖಕರಾಗಿ ಪರದೆಯ ಮೇಲಿರುವ ಹೆಸರು ಡಿಮಾರ್ಟಿನೊ ಅವರದೂ ಅಲ್ಲ, ಕೊನಿಯೆಟ್ಸ್ಕೊ ಅವರದೂ ಅಲ್ಲ, ಎಹಾಸ್ ಅವರದೂ ಅಲ್ಲ. ಈ ಚರ್ಚೆಗಳಲ್ಲಿ ಹ್ಯೂಬ್ನರ್ ಹೆಸರನ್ನು ಯಾರಾದರೂ ಎತ್ತಿದ್ದನ್ನು ನಾನು ನೋಡಿಲ್ಲ. ಅದು ನನಗೆ ನಿಜವಾಗಿಯೂ ನೋವಿನ ಸಂಗತಿ.

ಉತ್ತರ: ಕರಾರುಪತ್ರ

ಗೆರೆಮನೆಯವರು ಬರೆದದ್ದಕ್ಕೆ ಕಾನೂನಿನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ. ಮನರಂಜನಾ ಕ್ಷೇತ್ರದ ಒಪ್ಪಂದಗಳನ್ನು ಓದುವುದು ನನ್ನ ವೃತ್ತಿ.

ಪರದೆಯ ಮೇಲಿನ ‘ಸೃಷ್ಟಿ’ ಎಂಬ ಸಾಲು ಸರಣಿ ತಯಾರಾಗುವ ಮುನ್ನ, ಕಲ್ಪನೆಯನ್ನು ವಾಹಿನಿಗೆ ಒಪ್ಪಿಸುವ ಹೊತ್ತಿಗೇ ತೀರ್ಮಾನವಾಗಿರುತ್ತದೆ. ಆಮೇಲೆ 61 ಸಂಚಿಕೆಗಳಲ್ಲಿ ಯಾರು ಏನು ಮಾಡಿದರು ಎಂಬುದನ್ನು ಅದು ದಾಖಲಿಸುವುದಿಲ್ಲ. ಹಾಗೆಂದು ಅದು ಸುಳ್ಳೂ ಅಲ್ಲ, ಅದರ ವ್ಯಾಪ್ತಿ ಅಷ್ಟು ಮಾತ್ರ. ಇನ್ನು ಅಮೆರಿಕದ ಹಕ್ಕುಸ್ವಾಮ್ಯ ಕಾನೂನಿನ ಪ್ರಕಾರ, ಸಂಸ್ಥೆಗಾಗಿ ಕರಾರಿನ ಮೇಲೆ ಮಾಡಿದ ಇಂಥ ಕೃತಿಗೆ ಸಂಸ್ಥೆಯೇ ‘ಲೇಖಕ’. ‘ಅವತಾರ್’ ಕೊನೆಯಲ್ಲಿ ಕಾಣುವ ಹಕ್ಕುಸ್ವಾಮ್ಯದ ಹೆಸರು ವಯಾಕಾಮ್ ಇಂಟರ್‌ನ್ಯಾಷನಲ್. ನೀವು ಚರ್ಚಿಸುತ್ತಿರುವ ಯಾರೂ ಕಾನೂನಿನ ಕಣ್ಣಲ್ಲಿ ಲೇಖಕರಲ್ಲ.

ಬರಹಗಾರರ ವಿಷಯದಲ್ಲಿ ಇನ್ನೊಂದು ಗಂಟಿದೆ. ಅಮೆರಿಕದಲ್ಲಿ ಅನಿಮೇಷನ್ ಬರಹಗಾರರಲ್ಲಿ ಹೆಚ್ಚಿನವರು ಸಿನಿಮಾ, ಟಿವಿ ಬರಹಗಾರರ ಒಕ್ಕೂಟವಾದ ರೈಟರ್ಸ್ ಗಿಲ್ಡ್ ವ್ಯಾಪ್ತಿಯಲ್ಲಿಲ್ಲ. ಅವರು ಚಿತ್ರಕಾರರ ಜೊತೆಗೆ ಅನಿಮೇಷನ್ ಗಿಲ್ಡ್‌ನಲ್ಲಿದ್ದಾರೆ. ಅಲ್ಲಿ ಮರುಪ್ರಸಾರದ ಹಣ ಬರೆದವರ ಕೈಗೆ ಬರುವುದಿಲ್ಲ, ಒಕ್ಕೂಟದ ಆರೋಗ್ಯ ಮತ್ತು ಪಿಂಚಣಿ ನಿಧಿಗೆ ಸೇರುತ್ತದೆ. ‘ದಿ ಸಿಂಪ್ಸನ್ಸ್’ ಥರದ ಕೆಲವು ಸರಣಿಗಳ ಬರಹಗಾರರು 1998ರಲ್ಲಿ ಹೋರಾಡಿ ರೈಟರ್ಸ್ ಗಿಲ್ಡ್ ಒಳಗೆ ಬಂದರು. ಹಣ ಬರದ ಕಡೆ ಹೆಸರೊಂದೇ ಸಂಬಳ. ಅದಕ್ಕೇ ಈ ಶ್ರೇಯದ ಪ್ರಶ್ನೆ ಅಭಿಮಾನಿಗಳ ಕಾಲಹರಣ ಎಂದು ನಾನು ಭಾವಿಸುವುದಿಲ್ಲ.

‘ಸಿಂಪ್ಸನ್ಸ್’ ಹೆಸರು ಬಂತಲ್ಲ, ಅದರಲ್ಲಿ ಸೃಷ್ಟಿ ಎಂದು ಮ್ಯಾಟ್ ಗ್ರೋನಿಂಗ್ ಒಬ್ಬರ ಹೆಸರಿದೆ. ಜೊತೆಗೆ ‘ಅಭಿವೃದ್ಧಿ’ ಎಂದು ಇನ್ನೊಂದು ಸಾಲು: ಜೇಮ್ಸ್ ಎಲ್. ಬ್ರೂಕ್ಸ್, ಗ್ರೋನಿಂಗ್, ಸ್ಯಾಮ್ ಸೈಮನ್. ಬರಹಗಾರರ ತಂಡವನ್ನು ಕಟ್ಟಿದ ಸೈಮನ್ 1993ರಲ್ಲಿ ಹೊರನಡೆದರೂ ಒಪ್ಪಂದದಲ್ಲಿ ಇದ್ದುದರಿಂದ ಅವರ ಹೆಸರೂ ಪಾಲೂ ಉಳಿದವು. ಆದರೆ ಕಥೆಯ ಸಿಂಪ್ಸನ್ ಕುಟುಂಬಕ್ಕೆ ಹಳದಿ ಬಣ್ಣ ಹಚ್ಚೋಣ ಎಂದವರು ಜ್ಯೋರ್ಜಿ ಪೆಲೂಚೆ ಎಂಬ ಬಣ್ಣಗಾರ್ತಿ. ಲೋಕದ ಯಾವ ಮೂಲೆಯಲ್ಲಿ ನೋಡಿದರೂ ಆ ಸರಣಿಯನ್ನು ಗುರುತಿಸುವುದು ಆ ಹಳದಿಯಿಂದ. ಅದಕ್ಕೆ ಒಪ್ಪಂದದಲ್ಲಿ ಸಾಲಿಲ್ಲ.

ಜಪಾನಿನಲ್ಲಿ ಇನ್ನೊಂದು ದಾರಿ ಇದೆ. 1998ರ ‘ಕೌಬಾಯ್ ಬಿಬಾಪ್’ ಸರಣಿಯಲ್ಲಿ ಮೂಲ ಕಥೆ ಎಂದು ಹಾಜಿಮೆ ಯಾತಾತೆ ಅವರ ಹೆಸರಿದೆ. ಹಾಗೊಬ್ಬ ಮನುಷ್ಯನೇ ಇಲ್ಲ. ಅದು ಸನ್‌ರೈಸ್ ಸ್ಟುಡಿಯೋದ ಸಿಬ್ಬಂದಿಯೆಲ್ಲರಿಗೂ ಸೇರಿ ಇಟ್ಟುಕೊಂಡ ಒಂದು ಕಾವ್ಯನಾಮ. ಎಲ್ಲರಿಗೂ ಶ್ರೇಯ ಕೊಟ್ಟಂತೆ ಕಾಣುತ್ತದೆ, ಆದರೆ ಹಕ್ಕು ಉಳಿಯುವುದು ಸ್ಟುಡಿಯೋ ಬಳಿ. ನಿರ್ದೇಶಕ ಶಿನಿಚಿರೊ ವಾತಾನಾಬೆ, ಬರಹಗಾರ್ತಿ ಕೇಕೊ ನೊಬುಮೊತೊ, ಸಂಗೀತದ ಯೋಕೊ ಕಾನ್ನೊ ಇವರನ್ನೆಲ್ಲ ಅಭಿಮಾನಿಗಳು ಪಟ್ಟಿಯಲ್ಲಿ ಹುಡುಕಿ ಹೊರತೆಗೆಯಬೇಕು.

ಮತ್ತೆ ಕೇಳಿದವರು: ಸಂಜೆಓದು

ಇಷ್ಟು ಬರುತ್ತದೆಂದು ನಿರೀಕ್ಷಿಸಿರಲಿಲ್ಲ. ಎಲ್ಲರಿಗೂ ಧನ್ಯವಾದ. ಗೆರೆಮನೆಯವರೇ, ನಿಮ್ಮ ಬಾಗಿಲ ಸಂದಿಯ ನೆರಳನ್ನು ಮರೆಯುವುದು ಕಷ್ಟ.

ಆದರೂ ಎರಡು ಸಂದೇಹಗಳು ಉಳಿದಿವೆ. ಒಂದು: ಎಲ್ಲರೂ ಮಾಡಿದರು ಎಂದರೆ ಯಾರೂ ಮಾಡಲಿಲ್ಲ ಎಂದಂತೆಯೇ ಆಗುವುದಿಲ್ಲವೇ? ನೂರು ಹೆಸರನ್ನು ಲೇಖನದಲ್ಲಿ ತುಂಬಿದರೆ ಓದುಗರಿಗೆ ಒಂದೂ ನೆನಪಿರುವುದಿಲ್ಲ. ಎರಡು: ‘ಕೊರಾ’ ಯಾಕೆ ಬೇರೆಯಾಯಿತು ಎಂಬುದಕ್ಕೆ ನೀವು ಉತ್ತರ ಕೊಡಲಿಲ್ಲ. ಎಹಾಸ್ ಇಲ್ಲದ್ದೇ ಕಾರಣವಲ್ಲವಾದರೆ ಮತ್ತೇನು?

ಉತ್ತರ: ಗೆರೆಮನೆ

ಮೊದಲ ಸಂದೇಹ ನ್ಯಾಯವಾದದ್ದು. ಎಲ್ಲರಿಗೂ ಸಮಪಾಲು ಎಂದು ನಾನು ಹೇಳುತ್ತಿಲ್ಲ. ಎಲ್ಲರ ಹೆಸರನ್ನೂ ಒಂದೇ ಉಸಿರಿನಲ್ಲಿ ಹೇಳಿ ಕೈತೊಳೆದುಕೊಳ್ಳುವುದು ಕೂಡ ಹೆಸರನ್ನು ಅಳಿಸುವ ಇನ್ನೊಂದು ವಿಧಾನ. ಆ ಜಪಾನಿನ ಕಾವ್ಯನಾಮ ಮಾಡುವುದೂ ಅದನ್ನೇ. ನಾನು ಕೇಳುವುದು ಇಷ್ಟೇ: ಸರಣಿ ಯಾರದು ಎಂದು ಕೇಳುವುದನ್ನು ಬಿಟ್ಟು, ಈ ನಿರ್ಧಾರ ಯಾರದು ಎಂದು ಕೇಳಿ. ನಿರ್ಧಾರಕ್ಕೆ ಹೆಸರಿರುತ್ತದೆ. ಬಹಳ ಸಲ ಹುಡುಕಿದರೆ ಸಿಗುತ್ತದೆ.

ನಿಮಗೆ ಝುಕೊ ಮುಖ್ಯ ಎಂದಿರಿ. ಹಾಗಾದರೆ ಎರಡನೆಯ ಸೀಸನ್ನಿನ ‘ಝುಕೊ ಅಲೋನ್’ ಸಂಚಿಕೆಯಿಂದ ಆರಂಭಿಸಿ. ಆಂಗ್, ಅವನ ಜೊತೆಗಾರರಾದ ಕಟಾರಾ, ಸೊಕ್ಕಾ ಯಾರೂ ಅದರಲ್ಲಿ ಇಲ್ಲ. ದೇಶಭ್ರಷ್ಟ ರಾಜಕುಮಾರನೊಬ್ಬ ಹಸಿದು, ಒಂಟಿಯಾಗಿ, ಶತ್ರುದೇಶದ ಹಳ್ಳಿಯೊಂದಕ್ಕೆ ಬರುತ್ತಾನೆ. ಅಲ್ಲಿಯವರನ್ನು ಕಾಪಾಡಿ, ತನ್ನ ಹೆಸರು ಹೇಳಿಕೊಂಡ ಕೂಡಲೇ ಅದೇ ಜನರಿಂದ ಹೊರಗೆ ಹಾಕಿಸಿಕೊಳ್ಳುತ್ತಾನೆ. ಬರೆದವರು ಎಲಿಜಬೆತ್ ವೆಲ್ಚ್ ಎಹಾಸ್, ನಿರ್ದೇಶಿಸಿದವರು ಲಾರೆನ್ ಮ್ಯಾಕ್‌ಮುಲ್ಲನ್. ಝುಕೊನ ಪಯಣದ ಬಹುದೊಡ್ಡ ತಿರುವುಗಳಲ್ಲಿ ಒಂದನ್ನು ಪರದೆಗೆ ತಂದವರು ಇಬ್ಬರು ಹೆಂಗಸರು. ಅಭಿಮಾನಿಗಳ ವಾದದಲ್ಲಿ ಮೂವರು ಗಂಡಸರ ಹೆಸರು ಮಾತ್ರ ಸುತ್ತುತ್ತಿರುತ್ತದೆ. ಇದನ್ನು ನಿಮ್ಮ ಲೇಖನದಲ್ಲಿ ದಯವಿಟ್ಟು ಬರೆಯಿರಿ.

ಮುಖ್ಯ ಬರಹಗಾರರ ಶ್ರೇಯವನ್ನು ನಾನು ಕಡಿಮೆ ಮಾಡುತ್ತಿಲ್ಲ ಎಂಬುದೂ ಸ್ಪಷ್ಟವಾಗಿರಲಿ. ಬೇರೆ ಬೇರೆ ಕೈಗಳು ಬರೆದ 61 ಸಂಚಿಕೆಗಳಲ್ಲಿ ಝುಕೊ ಒಬ್ಬನೇ ಝುಕೊ ಆಗಿ ಉಳಿದಿದ್ದಾನೆ. ಯಾರ ಸ್ಕ್ರಿಪ್ಟ್ ಬಂದರೂ ಅದನ್ನು ಇಡೀ ಕಥೆಯ ಅಳತೆಗೆ ತರುವುದು, ಹಿಂದಿನ ಸೀಸನ್ನಿನಲ್ಲಿ ಕೊಟ್ಟ ಮಾತನ್ನು ಈ ಸೀಸನ್ನಿನಲ್ಲಿ ನಡೆಸಿಕೊಡುವುದು ಮುಖ್ಯ ಬರಹಗಾರರ ಹೊಣೆ. ಎಹಾಸ್ ಅದನ್ನು ಅದ್ಭುತವಾಗಿ ಮಾಡಿದ್ದಾರೆ. ಅದು ಅವರದೇ ಆದ, ದೊಡ್ಡ ಶ್ರೇಯ. ಅದನ್ನು ಹೇಳಲು ಸೃಷ್ಟಿಕರ್ತರಿಂದ ಏನನ್ನೂ ಕಿತ್ತುಕೊಳ್ಳಬೇಕಾಗಿಲ್ಲ.

‘ಕೊರಾ’ ವಿಷಯ. ಎಹಾಸ್ ಇರಲಿಲ್ಲ, ನಿಜ. ಆದರೆ ಬದಲಾದದ್ದು ಅದೊಂದೇ ಅಲ್ಲ. ಮೊದಲ ಸೀಸನ್ ತನ್ನಷ್ಟಕ್ಕೆ ಮುಗಿಯುವ 12 ಸಂಚಿಕೆಗಳ ಕಥೆಯಾಗಿ ಯೋಜನೆಯಾಗಿತ್ತು. ‘ಅವತಾರ್’ ಮೊದಲ ಸೀಸನ್ನಿಗೆ 20 ಸಂಚಿಕೆಗಳಿದ್ದವು, ಮುಂದೆ ಎಲ್ಲಿಗೆ ಹೋಗಬೇಕೆಂಬುದೂ ಅವರಿಗೆ ಗೊತ್ತಿತ್ತು. ಐರೋ ಬುಟ್ಟಿ ಕೊಳ್ಳುವಂಥ ಬಿಡುವು 12 ಸಂಚಿಕೆಗಳ ಕಥೆಗೆ ಎಲ್ಲಿಂದ ಬರಬೇಕು? ಎರಡನೆಯ ಸೀಸನ್ನಿನಿಂದ ಬರಹಗಾರರ ತಂಡ ಸೇರಿಕೊಂಡಿತು. ಅದರಲ್ಲಿದ್ದ ಟಿಮ್ ಹೆಡ್ರಿಕ್ ಮತ್ತು ಜೋಶುವಾ ಹ್ಯಾಮಿಲ್ಟನ್ ಇಬ್ಬರೂ ‘ಅವತಾರ್’ಗೆ ಬರೆದವರೇ. ಒಬ್ಬ ಮನುಷ್ಯನನ್ನು ತೆಗೆದು ಉಳಿದದ್ದನ್ನೆಲ್ಲ ಹಾಗೇ ಇಟ್ಟು ನೋಡಿದ ಪರೀಕ್ಷೆ ಅದಾಗಿರಲಿಲ್ಲ. ಆದ್ದರಿಂದ ಅದು ಎಹಾಸ್ ಪರವಾಗಿಯೂ ಸಾಕ್ಷಿಯಲ್ಲ, ಅವರ ವಿರುದ್ಧವೂ ಅಲ್ಲ. ದೂರದರ್ಶಕರ ‘ಡ್ರ್ಯಾಗನ್ ಪ್ರಿನ್ಸ್’ ವಾದಕ್ಕೂ ಇದೇ ಉತ್ತರ.

‘ಕೊರಾ’ದಲ್ಲಿ ಚಿತ್ರ ಇನ್ನೂ ಸೊಗಸಾಯಿತು ಎಂದು ನೀವೇ ಬರೆದಿರಿ. ಆ ಸೊಗಸಿಗೆ ಯಾರ ಹೆಸರನ್ನೂ ಹಾಕಲಿಲ್ಲ. ‘ಅವತಾರ್’ನ ಅನಿಮೇಷನ್ ಆದದ್ದು ದಕ್ಷಿಣ ಕೊರಿಯಾದಲ್ಲಿ: ಜೆಎಂ ಅನಿಮೇಷನ್, ಡಿಆರ್ ಮೂವಿ, ಎಂಒಐ ಅನಿಮೇಷನ್. ಜೆಎಂನಲ್ಲಿ ಆ ಸರಣಿಗೆ ದುಡಿದ ಯೂ ಜೇ-ಮ್ಯುಂಗ್ 2010ರಲ್ಲಿ ಸ್ಟುಡಿಯೋ ಮಿರ್ ಕಟ್ಟಿದರು, ‘ಕೊರಾ’ದ ಬಹುಪಾಲು ಅಲ್ಲಿ ತಯಾರಾಯಿತು. ‘ಅವತಾರ್’ನಲ್ಲೇ ಕೆಲಸ ಮಾಡಿದ್ದ ಕೊರಿಯಾದ ಕಲಾವಿದ ರ್ಯೂ ಕಿ-ಹ್ಯುನ್, ‘ಕೊರಾ’ದ ಮೊದಲ ಸೀಸನ್ನಿನಲ್ಲಿ ಜೋಕಿಮ್ ಡೋಸ್ ಸಾಂಟೋಸ್ ಜೊತೆಗೆ ನಿರ್ದೇಶಕರ ಸ್ಥಾನಕ್ಕೆ ಬಂದರು. ಎರಡು ಸರಣಿಗಳ ನಡುವೆ ಕಡಿಯದೆ ಉಳಿದ ನಂಟನ್ನು ಹುಡುಕುವುದಾದರೆ ಬರಹಗಾರರ ಕೋಣೆಗಿಂತ ಗಟ್ಟಿಯಾಗಿ ಅದು ಕೊರಿಯಾದ ಸಿಯೋಲ್‌ನ ಚಿತ್ರಮೇಜುಗಳಲ್ಲಿ ಸಿಗುತ್ತದೆ.

ಉತ್ತರ: ದೂರದರ್ಶಕ

‘ಡ್ರ್ಯಾಗನ್ ಪ್ರಿನ್ಸ್’ ಬಗ್ಗೆ ನೀವು ಹೇಳಿದ್ದನ್ನು ಒಪ್ಪುತ್ತೇನೆ. ಆದರೆ ಒಂದು ಮಾತು ಹೇಳದೆ ಇರಲಾರೆ. ನೀವು ಹೇಳಿದ ಅಷ್ಟೂ ನಿರ್ಧಾರಗಳಿಗೆ ಯಾರೋ ಒಬ್ಬರು ‘ಹೂಂ’ ಅನ್ನಬೇಕಿತ್ತು. ತೋಫ್ ಹುಡುಗಿಯಾಗಲಿ ಎಂಬುದಕ್ಕೆ ಹೂಂ ಅಂದವರು, ಒಂದು ಸಂಚಿಕೆಯನ್ನು ಆರು ತುಂಡು ಮಾಡಲು ಬಿಟ್ಟವರು ಆ ಇಬ್ಬರೇ. ಬೇಡ ಎನ್ನುವ ಅಧಿಕಾರವಿದ್ದೂ ಬೇಡ ಎನ್ನದಿರುವುದು ಸಣ್ಣ ಗುಣವಲ್ಲ.

ಉತ್ತರ: ಗೆರೆಮನೆ

ಖಂಡಿತ ಸಣ್ಣದಲ್ಲ, ಮತ್ತು ಅದನ್ನು ನಾನು ಮೊದಲೇ ಬರೆಯಬಹುದಿತ್ತು. ನನ್ನ ಕೆಲಸದಲ್ಲಿ ಇಂಥವರು ಸಿಕ್ಕಾಗ ಇಡೀ ತಂಡ ಹುರುಪಿನಿಂದ ಇರುತ್ತದೆ. ಕೊನೆಯ ಭಾಗದಲ್ಲಿ ಝುಕೊ ಮತ್ತು ಅವನ ತಂಗಿ ಅಝುಲಾ ಬೆಂಕಿಯಿಂದ ಕಾದಾಡುವ ದೃಶ್ಯವನ್ನೇ ನೋಡಿ, ಡೋಸ್ ಸಾಂಟೋಸ್ ನಿರ್ದೇಶನದ್ದು. ಕಿತ್ತಳೆ ಬೆಂಕಿ ಒಂದು ಕಡೆ, ನೀಲಿ ಬೆಂಕಿ ಇನ್ನೊಂದು ಕಡೆ, ಅರಮನೆಯ ಅಂಗಳವೇ ಹೊತ್ತಿ ಉರಿಯುತ್ತಿದೆ. ಮೂರು ಸೀಸನ್ ಕಾದ ಹೊಡೆದಾಟ, ಯಾರೇ ಆದರೂ ಅಬ್ಬರದ ಸಂಗೀತ ಹಾಕುತ್ತಿದ್ದರು. ಜೆರೆಮಿ ಝುಕರ್‌ಮನ್ ಅಲ್ಲಿ ಇಟ್ಟದ್ದು ನಿಧಾನವಾದ, ಶೋಕದ ರಾಗ. ಬೆಂಕಿಯ ಸದ್ದು ತಗ್ಗಿ ಹಿಂದೆ ಸರಿಯುತ್ತದೆ. ಗೆಲ್ಲುವವರು ಯಾರು ಎಂಬ ಕಾತರ ಹೋಗಿ, ಅಣ್ಣ ತಂಗಿ ಹೀಗಾಗಿಬಿಟ್ಟರಲ್ಲ ಎಂಬ ಸಂಕಟ ಬರುತ್ತದೆ. ಆ ರಾಗವನ್ನು ಕೇಳಿ ‘ಬೇಡ, ಮಕ್ಕಳ ವಾಹಿನಿ ಇದು, ಡೋಲು ಹಾಕಿ’ ಎಂದು ಯಾರೂ ಹೇಳಲಿಲ್ಲ. ಅದಕ್ಕೆ ನಾನು ಸೃಷ್ಟಿಕರ್ತರಿಗೂ ಋಣಿ. ಆದರೆ ರಾಗಕ್ಕೆ ಶ್ರೇಯ ಝುಕರ್‌ಮನ್‌ಗೆ, ಸದ್ದಿನ ಶ್ರೇಯ ಅವರ ಜೊತೆಗಾರ ಬೆಂಜಮಿನ್ ವಿನ್‌ಗೆ. ಒಪ್ಪಿದವರ ಹೆಸರು ಮಾಡಿದವರ ಹೆಸರನ್ನು ನುಂಗದಿದ್ದರೆ ಸಾಕು.

ಸಂಜೆಓದು ಅವರೇ, ನಿಮ್ಮ ಆ ವಾಕ್ಯಕ್ಕೆ ನನ್ನ ಸಲಹೆ: ‘ಕರ್ತೃ’ ಎಂಬುದನ್ನು ತೆಗೆದು, ‘ಡಿಮಾರ್ಟಿನೊ ಮತ್ತು ಕೊನಿಯೆಟ್ಸ್ಕೊ ಸೃಷ್ಟಿಸಿದ, ಆರನ್ ಎಹಾಸ್ ಮುಖ್ಯ ಬರಹಗಾರರಾಗಿದ್ದ ಸರಣಿ’ ಎಂದು ಬರೆದುಬಿಡಿ. ಆಮೇಲೆ ಲೇಖನದಲ್ಲಿ ಯಾವ ಸಂಚಿಕೆಯ ಹೆಸರು ಬಂದರೂ ಅದರ ಪಕ್ಕದಲ್ಲೇ ಬರೆದವರ ಮತ್ತು ನಿರ್ದೇಶಿಸಿದವರ ಹೆಸರು ಬರಲಿ. ಯಾವುದಾದರೂ ಹೊಡೆದಾಟವನ್ನೋ ಮುಖಭಾವವನ್ನೋ ಹೊಗಳುವಿರಾದರೆ ಆ ಸಂಚಿಕೆಯನ್ನು ಕೊನೆಯವರೆಗೆ ಓಡಿಸಿ, ಹೆಸರುಗಳು ಬರುವಾಗ ನಿಲ್ಲಿಸಿ, ಸ್ಟೋರಿಬೋರ್ಡ್ ಕಲಾವಿದರು ಯಾರು, ಕೊರಿಯಾದ ಸ್ಟುಡಿಯೋ ಯಾವುದು ಎಂದು ನೋಡಿಕೊಂಡು ಬರೆಯಿರಿ. ಹೆಸರು ತುಂಬಾ ವೇಗವಾಗಿ ಓಡುತ್ತದೆ, ಒಂದೊಂದೇ ಚೌಕಟ್ಟಿನಂತೆ ಮುಂದೆ ಸರಿಸಬೇಕಾಗುತ್ತದೆ. ಲೇಖನ ಮುಗಿದ ಮೇಲೆ ಇಲ್ಲಿ ಕೊಂಡಿ ಹಾಕಿ, ಓದಲು ಕಾಯುತ್ತಿರುತ್ತೇನೆ.